ಗುಳೇದಗುಡ್ಡ ಸೀಮೆಯ ಹವ್ಯಾಸಿ ಹೊಲಗಳಲ್ಲಿ ಪ್ರಾಣಿವಂಶವೃದ್ಧಿ: ಒಂದು ಶಾಸ್ತ್ರೀಯ ವಿವೇಚನೆ

ಪ್ರಸ್ತುತ ಅಧ್ಯಯನದ ಕ್ಷೇತ್ರ, ಗುಳೇದಗುಡ್ಡದಿಂದ ಕೋಟೆಕಲ್ಲಿನ ಕಡೆಗಿರುವ ಎರಡು ಎಕರೆ ಭೂಮಿ. ಅದರಲ್ಲಿ ಅರ್ಧದಷ್ಟು ಕೆಂಪು ಹಾಸುಗಲ್ಲು. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ, ಆದರೆ ಉತಾರದಲ್ಲಿ ಅದೂ ಜಮೀನೇ. ಇಂಥಲ್ಲಿ ಹೊಟ್ಟೆಪಾಡಿಗೆ ಒಕ್ಕಲುತನ ಮಾಡುವವನು ರೈತ, ಪಿಂಚಣಿ ಕರಗಿಸಲು ಮಾಡುವವನು ಹವ್ಯಾಸಿ. ಲೇಖಕನು ಎರಡನೆಯ ಪಂಗಡದವನು ಎಂಬುದನ್ನು ಮನೆಯವರೆಲ್ಲ ಒಮ್ಮತದಿಂದ ಸಿದ್ಧಪಡಿಸಿರುವುದರಿಂದ ಬೇರೆ ಪ್ರಮಾಣ ಬೇಕಿಲ್ಲ.

ಶಾಸ್ತ್ರದ ಮೂಲಸೂತ್ರ ಹೀಗಿದೆ: ಯಾವ ಪ್ರಾಣಿಯೂ ತನಗಾಗಿ ಬರುವುದಿಲ್ಲ, ಮೊದಲೇ ಬಂದದ್ದರ ಸಲುವಾಗಿ ಬರುತ್ತದೆ. ಭಾಷ್ಯ: ಚಹಾಕ್ಕೆ ಹಾಲು ಬೇಕೆಂದು ಎಮ್ಮೆ ಬಂತು. ಎಮ್ಮೆಗೆ ಹಿಂಡಿ ಬಂತು, ಹಿಂಡಿಯ ಚೀಲಕ್ಕೆ ಇಲಿ ಬಂದವು, ಇಲಿಗೆ ಬೆಕ್ಕು ಬಂತು. ಎಮ್ಮೆಯ ಮೈಯ ಉಣ್ಣೆ ಆರಿಸಲು ಕೋಳಿ ಬಂದವು, ಕೋಳಿಯನ್ನು ಬೆಕ್ಕಿನಿಂದ ಕಾಯಲು ನಾಯಿ ಬಂತು. ಬೇಲಿಯ ಜಾಲಿಕಾಯಿ ಸುಮ್ಮನೆ ಉದುರಿ ಹಾಳಾಗುತ್ತದಲ್ಲ ಎಂಬ ಕರುಣೆಯಿಂದ ಆಡು ಬಂತು. ಬೆಕ್ಕು, ನಾಯಿ, ತಬ್ಬಲಿ ಆಡಿನಮರಿ ಇಷ್ಟಕ್ಕೆಲ್ಲ ಹಾಲು ಸಾಲದೆ ಎರಡನೆಯ ಎಮ್ಮೆ ಬಂತು. ನೈಯಾಯಿಕರು ಇದನ್ನು ಅನವಸ್ಥಾ ದೋಷ ಎಂದು ತಳ್ಳಿಹಾಕುತ್ತಾರೆ. ಅವರಾರೂ ಕೊಟಗಿಯ ಸಗಣಿ ಬಳಿದವರಲ್ಲ. ಚಹಾಕ್ಕೆ ಈಗಲೂ ಪಾಕೀಟು ಹಾಲು.

ಇನ್ನು ಗಣಿತ. ಕೋಳಿಯ ಕಾವಿಗೆ 21 ದಿನ, ಬೆಕ್ಕು ನಾಯಿಗಳ ಬಸಿರಿಗೆ ಒಂಬತ್ತು ವಾರ, ಆಡಿಗೆ ಐದು ತಿಂಗಳು, ಎಮ್ಮೆಗೆ ಸುಮಾರು 310 ದಿನ. ಪಿಂಚಣಿ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಹೆರುತ್ತದೆ, ಆ ಲೆಕ್ಕದಲ್ಲಿ ಅದು ಆಡು ಎಮ್ಮೆಗಳಿಗಿಂತ ಎಷ್ಟೋ ಚುರುಕು. ಆದರೆ ಆಡಿಗೆ ಅವಳಿ ಮಾಮೂಲು; ಪಿಂಚಣಿ ಅವಳಿ ಹಡೆದ ದಾಖಲೆ ಖಜಾನೆ ಇಲಾಖೆಯಲ್ಲಿ ಎಲ್ಲಿಯೂ ಇಲ್ಲ. ಸಮಸ್ಯೆಯ ಬೇರು ಇಲ್ಲಿದೆ.

ಐತಿಹಾಸಿಕ ಆಧಾರಗಳಿಗೆ ನಾವು ದೂರ ಹೋಗಬೇಕಾಗಿಲ್ಲ, ಬಾದಾಮಿ ಪಕ್ಕದಲ್ಲೇ ಇದೆ. ಅಲ್ಲಿನ ಮೊದಲನೆಯ ಗುಹೆಯ ದ್ವಾರಪಾಲಕನ ಕೆಳಗೆ ಒಂದು ಶಿಲ್ಪವಿದೆ: ಒಂದು ಕಡೆಯಿಂದ ಆನೆ, ಇನ್ನೊಂದು ಕಡೆಯಿಂದ ಎತ್ತು, ಎರಡಕ್ಕೂ ಸೇರಿ ಒಂದೇ ತಲೆ. ಕಲಾ ವಿಮರ್ಶಕರು ಇದನ್ನು ಶಿಲ್ಪಿಯ ಚಮತ್ಕಾರ ಎಂದು ಹೊಗಳಿ ಮುಂದಿನ ಗುಹೆಯ ಮೆಟ್ಟಿಲು ಹತ್ತುತ್ತಾರೆ. ನಮ್ಮ ಮತದಲ್ಲಿ ಅದು ಬರಗಾಲದ ಮೇವಿನ ಯೋಜನೆ. ಪ್ರಾಣಿ ಎರಡು, ಬಾಯಿ ಒಂದು. ಈ ವಾದವನ್ನು ಮೇವು ಮಾರುವವನ ಮುಂದೆ ಮಂಡಿಸಿದಾಗ, "ಬಾಯಿ ಒಂದಾದ್ರೇನ್ರಿ, ಹೊಟ್ಟಿ ಎರಡು ಅದಾವಲ್ಲ" ಎಂಬ ಆಕ್ಷೇಪ ಬಂತು. ಅದಕ್ಕೆ ಸಮಾಧಾನ ಹುಡುಕುವ ಕೆಲಸ ನಡೆದಿದೆ. ಚಾಲುಕ್ಯರು ಅದನ್ನು ಕಲ್ಲಿನಲ್ಲಿ ಮಾತ್ರ ಕಡೆದು ಬಿಟ್ಟದ್ದಕ್ಕೆ ಇದೇ ಕಾರಣವಿರಬಹುದು.

ಇನ್ನೊಂದು ಆಧಾರ ಅದೇ ಊರಿನ ಬಂಡೆಯ ಮೇಲಿನ ಕ್ರಿ.ಶ. 543ರ ಶಾಸನ. ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನೂ ಅಶ್ವಮೇಧ ಮಾಡಿದ್ದನ್ನೂ ಅದು ಹೇಳುತ್ತದೆ. ಕುದುರೆಯನ್ನು ಬಿಡುವುದು, ಅದು ತಿರುಗಾಡಿದ ನೆಲವೆಲ್ಲ ತನ್ನದೆನ್ನುವುದು, ಕಟ್ಟಿಹಾಕಿದವನೊಡನೆ ಕಾದುವುದು: ಇದು ಯಾಗದ ಕ್ರಮ. ನಮ್ಮ ಆಡು ಇದೇ ಯಾಗವನ್ನು ಪುರೋಹಿತರಿಲ್ಲದೆ ವಾರವಾರವೂ ನಡೆಸುತ್ತದೆ. ಕೊರಳ ಹಗ್ಗ ಕಡಿದು ದಿಗ್ವಿಜಯಕ್ಕೆ ಹೊರಟರೆ ಅದರ ಮೊದಲ ಮುತ್ತಿಗೆ ಬದುವಿನಾಚೆಯ ತೊಗರಿಗೆ. ತಾಸಿನೊಳಗೆ ರಾಯಭಾರ ಬರುತ್ತದೆ: "ನಿಮ್ಮ ಆಡು ನಮ್ಮ ತೊಗರ್ಯಾಗ ಐತ್ರಿ. ಬಂದು ಹೊಡ್ಕೊಂಡು ಹೋಗ್ತೀರೋ, ಕೊಂಡವಾಡಕ್ಕ ಹಾಕ್ಲೋ?" ಪುಲಕೇಶಿಗೆ ಸಾಮಂತರು ಕಪ್ಪ ಕೊಟ್ಟಿರಬೇಕು. ನಮ್ಮಲ್ಲಿ ಕಪ್ಪ ಕೊಡುವವರೂ ನಾವೇ.

ಈ ಆಡಿನ ವಿದ್ವತ್ತಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ಊರು ಖಣದ್ದು, ಲೇಖಕನ ಮನೆತನವೂ ನೇಕಾರರದು. ಪಡಸಾಲೆಯಲ್ಲಿ ಅಪ್ಪನ ಕಾಲದ ಕುಣಿಮಗ್ಗವಿತ್ತು. ಊರಿನ ಎಷ್ಟೋ ಮಗ್ಗಗಳಂತೆ ಅದೂ ನಿಂತಿತು, ಕಟ್ಟಿಗೆ ಬಿಚ್ಚಿ ಅಟ್ಟ ಸೇರಿತು, ಕುಣಿ ಮಾತ್ರ ಉಳಿಯಿತು. ಮಳೆಗಾಲದಲ್ಲಿ ಆಡಿನಮರಿಗಳು ಈಗ ಅದರಲ್ಲೇ ಮಲಗುವುದು, ಹ್ಯಾಟೆ ಮೊಟ್ಟೆಯಿಡುವುದೂ ಅದರ ಮೂಲೆಯಲ್ಲೇ. ಅಪ್ಪ ಕಾಲು ಇಳಿಬಿಟ್ಟು ಕೂತು ತೇರಿನ ಖಣ ನೇಯುತ್ತಿದ್ದ ಜಾಗವದು. ಆ ಕುಣಿಯ ಸಹವಾಸದಿಂದಲೋ ಏನೋ, ಆಡಿಗೆ ನೂಲಿನ ಜ್ಞಾನ ಬಂದಿದೆ. ಒಂದು ದಿನ ಮನೆಯೊಡತಿ ಪೆಟ್ಟಿಗೆಯ ಬಟ್ಟೆಗಳನ್ನು ಬಿಸಿಲಿಗೆ ಹರವಿದ್ದಳು. ಅದರಲ್ಲಿ ಎರಡು ಖಣಗಳು. ಒಂದು ಹಳೆಯದು, ರೇಷ್ಮೆಯ ಹಾಸು, ಹತ್ತಿಯ ಹೊಕ್ಕು. ಇನ್ನೊಂದು ಲೇಖಕನೇ ಅಸಲಿ ರೇಷ್ಮೆಯೆಂದು ಚೌಕಾಶಿ ಮಾಡದೆ ತಂದದ್ದು. ಆಡು ಎರಡನ್ನೂ ಮೂಸಿತು. ಎರಡನೆಯದನ್ನು ಹಾಗೇ ಬಿಟ್ಟು, ಮೊದಲನೆಯದನ್ನು ದಡಿಯಿಂದ ಶುರುಮಾಡಿ ತೇರಿನ ಗಾಲಿಯವರೆಗೆ ಪರಾಮರ್ಶಿಸಿತು. ಮನೆಯೊಡತಿಯ ತೀರ್ಪು ಹೀಗಿತ್ತು:

"ಮಗಳ ಉಡಿ ತುಂಬಾಕ ಇಟ್ಟಿದ್ದು ಹೋತು, ಹೋಗ್ಲಿ. ನೀವು ತಂದದ್ದನ್ನ ಮುಟ್ಟಿಲ್ಲ ನೋಡ್ರಿ. ಚಮಕ ಅಂತ ಅದಕ್ಕ ತಿಳೀತು. ನೇಕಾರರ ಮನ್ಯಾಗ ಹುಟ್ಟಿ ನಿಮಗ ತಿಳೀಲಿಲ್ಲ."

ಇದಕ್ಕೆ ಲೇಖಕನ ಬಳಿ ಪ್ರತಿವಾದವಿಲ್ಲ.

ನಾಯಿಯ ವಿಷಯ ಸಂಕ್ಷೇಪವಾಗಿ. ಮುಧೋಳ ನಮ್ಮದೇ ಜಿಲ್ಲೆ. ಅಲ್ಲಿನ ಘೋರ್ಪಡೆ ರಾಜರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಬೇಟೆನಾಯಿ ಕಾಣಿಕೆ ಕೊಟ್ಟರಂತೆ. 2005ರಲ್ಲಿ ಆ ತಳಿ ಅಂಚೆಚೀಟಿಯ ಮೇಲೂ ಬಂತು. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ನಮ್ಮ ನಾಯಿಯ ವಂಶವೃಕ್ಷದಲ್ಲಿ ಮುಧೋಳವು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ, ತಂದೆಯ ಬಗ್ಗೆ ಓಣಿಯಲ್ಲಿ ಪಾಠಾಂತರಗಳಿವೆ. ಈ ತಳಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತದೆ, ಓಡುವುದನ್ನು ಕಂಡರೆ ಬೆನ್ನಟ್ಟುತ್ತದೆ. ಬೆಕ್ಕು ಈ ತತ್ತ್ವವನ್ನು ಎರಡೇ ದಿನದಲ್ಲಿ ಗ್ರಹಿಸಿತು. ಈಗ ಅದು ಕೋಳಿಮರಿಯ ಪಕ್ಕದಲ್ಲಿ ಕಲ್ಲಿನ ಬೆಕ್ಕಾಗಿ ಕೂರುತ್ತದೆ, ನಾಯಿ ಅದರಾಚೆ ದಿಗಂತ ನೋಡುತ್ತ ಕಾವಲು ಕಾಯುತ್ತದೆ.

ವಂಶವೃದ್ಧಿಗೆ ಜೈವಿಕವಲ್ಲದ ಕಾರಣವೂ ಒಂದುಂಟು. ಅದು ಪಾಲು. ಒಬ್ಬರ ಆಡು, ಇನ್ನೊಬ್ಬರ ಮೇವು, ಹುಟ್ಟಿದ ಮರಿ ಇಬ್ಬರಿಗೂ ಸಮ. ಹವ್ಯಾಸಿಯ ಕೀರ್ತಿ ಹಬ್ಬಿದ ಮೇಲೆ ಓಣಿಯ ಅಜ್ಜಿಯರು ಒಬ್ಬೊಬ್ಬರಾಗಿ ಬಂದು, "ನೀ ಹೆಂಗೂ ಮೇಸ್ತಿಯಪ್ಪಾ, ನಂದೂ ಒಂದು ಇರ್ಲಿ" ಎಂದು ಹಗ್ಗ ಕೈಗಿಟ್ಟು ಹೋಗುತ್ತಾರೆ. ಮೂರು ಮರಿ ಹುಟ್ಟಿದರೆ ಮೂರನೆಯದು ಯಾರದು ಎಂಬುದು ಈ ಶಾಸ್ತ್ರದ ಅತ್ಯಂತ ಜಟಿಲವಾದ ಮೀಮಾಂಸೆ. ಅದು ಬಗೆಹರಿಯುವುದರೊಳಗೆ ಆ ಮೂರನೆಯದೇ ಗಬ್ಬಾಗಿರುತ್ತದೆ.

ನಿಯಂತ್ರಣದ ಕ್ರಮವಾಗಿ, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಲೇಖಕನನ್ನು ಒಬ್ಬನೇ ಕಳಿಸಬಾರದೆಂದು ಮನೆಯಲ್ಲಿ ಠರಾವು ಆಗಿತ್ತು. ನಾಟಕ ನೋಡಿ ಬರುತ್ತೇನೆಂದು ಅನುಮತಿ ದೊರಕಿಸಿದ್ದಾಯಿತು. ನಾಟಕ ಶುರುವಾಗಲು ಹೊತ್ತಿತ್ತು, ದನದ ಜಾತ್ರೆ ಆಗಲೇ ಕೂಡಿತ್ತು. ಬೆಳಗಿನ ಜಾವ ಟಂಟಂನಿಂದ ಒಂದು ಮಣಕ ಇಳಿಯಿತು. ಮನೆಯೊಡತಿ ಕಂದೀಲು ಎತ್ತಿ ನೋಡಿದಳು.

"ಇದ್ಯಾತಕ್ರಿ?"

"ಮೊದಲಿನ ಎಮ್ಮಿಗೆ ಜೋಡಿ ಇಲ್ಲಂತ."

"ಎರಡನೇದು ಐತೆಲ್ಲ?"

"ಅವೆರಡೂ ಮಾತು ಬಿಟ್ಟಾವು."