ಟೈರ್ ರಾಯರು

ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ‘ಯಾಕೋ ಗಾಡಿ ಎಡಕ್ಕೆ ಎಳೀತಾ ಇದೆ’ ಅಂತ ಬಾಯಿ ತಪ್ಪಿಯೂ ಹೇಳಬಾರದು. ಬಾಗಿಲು ಹಾಕಿಕೊಂಡು ಮನೆಯವರ ಹತ್ತಿರ ಪಿಸುಗುಟ್ಟಬಹುದೇನೋ. ಟೈರ್ ರಾಯರಿಗೆ ಕಿವಿ ಸ್ವಲ್ಪ ಮಂದ. ‘ಗ್ಯಾಸ್ ಮುಗೀತು, ಬುಕ್ ಮಾಡಿ’ ಎಂದು ಅವರ ಮನೆಯವರು ಅಡುಗೆಮನೆಯಿಂದ ಎಷ್ಟು ಕೂಗಿದರೂ ಪೇಪರಿನಿಂದ ತಲೆ ಎತ್ತುವವರಲ್ಲ. ಗಾಡಿ ಎಳೆಯುವ ಸುದ್ದಿ ಮಾತ್ರ ನಾಲ್ಕು ಕಾಂಪೌಂಡು ಹಾರಿ ಹೋಗಿ ಅವರ ಕಿವಿಗೆ ಬೀಳುತ್ತದೆ. ಪಂಚೆ ಎತ್ತಿ ಕಟ್ಟಿ, ಗಾಳಿ ಅಳೆಯುವ ಗೇಜನ್ನು ಪೆನ್ನಿನ ಜೊತೆ ಜೇಬಿಗೆ ಸಿಕ್ಕಿಸಿಕೊಂಡು, ಗೇಟು ತೆಗೆದು ಬಂದೇ ಬಿಡುತ್ತಾರೆ. ‘ಯಾವಾಗಿಂದ?’ ನಮಸ್ಕಾರ ಆಮೇಲೆ.

ರಾಯರು ವಿಕ್ರಾಂತ್ ಟೈರ್ಸಿನಲ್ಲಿ ಇದ್ದವರು. ಕೆ.ಆರ್.ಎಸ್. ರಸ್ತೆಯ ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್‌ನವರ ಕೈಗೆ ಹೋಯಿತು. ಹಳೇ ಮೈಸೂರಿಗರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ವಿಕ್ರಾಂತೇ. ‘ಇಡೀ ಸರ್ವೀಸು ಟೈರುಗಳ ಮಧ್ಯೆ ಕಳೆದೋನು ಕಣ್ರೀ ನಾನು’ ಎನ್ನುತ್ತಾರೆ. ಸುಳ್ಳಲ್ಲ. ಅವರು ಇದ್ದದ್ದು ಅಕೌಂಟ್ಸ್ ವಿಭಾಗದಲ್ಲಿ, ಟೈರುಗಳು ಇದ್ದದ್ದು ಕಿಟಕಿಯ ಆಚೆ. ಹಾಗಂತ ಅವರನ್ನು ತೆಗೆದುಹಾಕುವ ಹಾಗಿಲ್ಲ. ನಿವೃತ್ತಿಯಾದ ಮೇಲೆ ಓದಿದ್ದಾರೆ, ಗ್ಯಾರೇಜುಗಳ ಮುಂದೆ ಗಂಟೆಗಟ್ಟಲೆ ನಿಂತು ನೋಡಿದ್ದಾರೆ. ಅವರಿಗೆ ತಿಳಿದಷ್ಟು ಎಷ್ಟೋ ಮೆಕ್ಯಾನಿಕ್‌ಗಳಿಗೂ ತಿಳಿದಿಲ್ಲ. ತಾಪತ್ರಯ ಏನೆಂದರೆ, ತಿಳಿದದ್ದರಲ್ಲಿ ಒಂದನ್ನೂ ಬಿಟ್ಟುಕೊಡುವ ಮನಸ್ಸು ಅವರಿಗಿಲ್ಲ.

ಸ್ವಂತದ್ದು ಅಂತ ಒಂದು ಮಾರುತಿ 800 ಇದೆ. ವರ್ಷವಿಡೀ ಕವರಿನೊಳಗೆ. ಆಯುಧಪೂಜೆ ದಿನ ಹೊರಗೆ ಬಂದು, ಕುಂಬಳಕಾಯಿ ಒಡೆಸಿಕೊಂಡು, ನಾಲ್ಕು ನಿಂಬೆಹಣ್ಣು ತುಳಿದು ಮತ್ತೆ ಒಳಗೆ ಹೋಗುತ್ತದೆ. ಅಷ್ಟು ದೂರದ ಪ್ರಯಾಣದಲ್ಲಿ ಅದು ಎಡಕ್ಕೂ ಎಳೆಯುವುದಿಲ್ಲ, ಬಲಕ್ಕೂ ಎಳೆಯುವುದಿಲ್ಲ. ಹೀಗಾಗಿ ರಾಯರಿಗೆ ಕಂಡವರ ಗಾಡಿಯೇ ಗತಿ.

ಹೋದ ಮಳೆಗಾಲದಲ್ಲಿ ಸಿಕ್ಕಿಬಿದ್ದವರು ನಮ್ಮ ಎದುರು ಮನೆಯ ಬ್ಯಾಂಕ್ ಮ್ಯಾನೇಜರು. ಸಂಜೆ ಆಫೀಸಿನಿಂದ ಬಂದು ಕಾರು ನಿಲ್ಲಿಸುತ್ತಾ, ಯಾರಿಗೆ ಅಂತಲ್ಲದೆ ಸುಮ್ಮನೆ, ಆ ಮಾತು ಆಡಿಬಿಟ್ಟರು.

‘ಯಾವಾಗ ಎಳೀತದೆ? ತನ್ನ ಪಾಡಿಗೆ ಹೋಗ್ತಾ ಇರುವಾಗಲೋ, ಬ್ರೇಕ್ ಹಿಡಿದಾಗಲೋ, ಆಕ್ಸಿಲರೇಟರ್ ಕೊಟ್ಟಾಗಲೋ?’

‘ಅದೆಲ್ಲ ಗೊತ್ತಿಲ್ಲ ಸಾರ್. ಒಟ್ಟು ಎಳೀತದೆ.’

ರಾಯರು ಮ್ಯಾನೇಜರನ್ನು ನೋಡಿದ ನೋಟದಲ್ಲಿ, ಇವರ ಕೈಗೆ ಸಾಲ ಕೊಡುವ ಅಧಿಕಾರ ಕೊಟ್ಟವರಾರು ಎಂಬ ಪ್ರಶ್ನೆ ಇತ್ತು. ‘ಬ್ರೇಕ್ ಹಿಡಿದಾಗ ಮಾತ್ರ ಬಲಕ್ಕೆ ಹೋದ್ರೆ ಎಡಗಡೆ ಬ್ರೇಕು ಕೆಲಸ ಕದೀತಿದೆ ಅಂತ. ಆಕ್ಸಿಲರೇಟರ್ ತುಳಿದಾಗ ಮಾತ್ರ ಎಳೆದ್ರೆ ಅದು ಕೆಲವು ಗಾಡಿಗಳ ಹುಟ್ಟುಗುಣ. ಮುಂದಿನ ಎರಡು ಡ್ರೈವ್ ಶಾಫ್ಟ್ ಒಂದೇ ಉದ್ದ ಇರೋಲ್ಲ, ಅದಕ್ಕೆ. ತಿರುವು ಮುಗಿದ ಮೇಲೂ ತಿರುಗಿದ ಕಡೆಗೇ ಹೋಗ್ತೀನಿ ಅಂತ ಹಟ ಮಾಡಿದ್ರೆ ಸ್ಟೇರಿಂಗ್ ಜಾಯಿಂಟೋ ಸ್ಟ್ರಟ್ ಮೌಂಟೋ ಬಿಗೀತಾ ಇದೆ. ಲೋಯರ್ ಆರ್ಮ್ ಬುಷ್ ಹೋಗಿದ್ರೆ ಅದರ ಕಥೆಯೇ ಬೇರೆ. ಹೇಳಿ, ಇದರಲ್ಲಿ ಯಾವುದು?’

ಮ್ಯಾನೇಜರು ಕಾರಿನ ಬೀಗ ಹಾಕಿ, ಬ್ಯಾಗು ಹೆಗಲಿಗೇರಿಸಿ, ‘ಎಡಕ್ಕೆ ಸಾರ್’ ಎಂದರು.

‘ಮೊದಲು ಗಾಳಿ ನೋಡ್ಬೇಕು. ಗಾಳಿ ಕಡಿಮೆ ಇರೋ ಕಡೆಗೇ ಗಾಡಿ ವಾಲೋದು.’ ಹಾಗಾದರೆ ನೋಡೇಬಿಡಿ ಎಂದರೆ, ರಾಯರು ಗೇಜನ್ನು ಜೇಬಿನಿಂದ ಅರ್ಧ ತೆಗೆದು ಮತ್ತೆ ಇಳಿಬಿಟ್ಟರು. ‘ಈಗ ತಾನೇ ಓಡಿ ಬಂದಿದೆ, ಟೈರು ಬಿಸಿ. ಬಿಸಿ ಟೈರು ಜಾಸ್ತಿ ತೋರಿಸ್ತದೆ. ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಬರ್ತೀನಿ.’ ಇದೂ ನಿಜವೇ. ರಾಯರ ಎಲ್ಲ ಮಾತೂ ನಿಜವೇ ಆಗಿರುವುದರಿಂದ ಅವರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಬೆಳಿಗ್ಗೆ ಆರಕ್ಕೆ ಬಂದರು. ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲೆ ಅಂಟಿಸಿರುವ ಚೀಟಿಯನ್ನು ಬೆರಳಿಟ್ಟು ಓದಿದರು. 33 ಇರಬೇಕು ಅಂತ ಚೀಟಿ. ನಾಲ್ಕೂ ಚಕ್ರದಲ್ಲಿ 33 ಇತ್ತು. ರಾಯರ ಮುಖ ಅರಳಿತು. ಗಾಳಿ ತುಂಬಿಸಿದರೆ ವಾಸಿಯಾಗುವ ಕಾಯಿಲೆ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಅಂಗೈಯನ್ನು ಟೈರಿನ ಅಚ್ಚಿನ ಮೇಲೆ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸವರಿದರು. ‘ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತರಿ ಸಿಕ್ಕಿದ್ರೆ ಟೋ ಹೋಗಿದೆ ಅಂತ. ಆದ್ರೆ ಮುಂದಿನ ಟೋ ಹೋದ್ರೆ ಟೈರು ಸವೀತದೆ, ಸ್ಟೇರಿಂಗ್ ಸೊಟ್ಟ ಕೂರ್ತದೆ, ಗಾಡಿ ಎಳೆಯೋದು ಕಡಿಮೆ. ಎಳೆಯೋದು ಕ್ಯಾಂಬರ್ರು, ಕ್ಯಾಸ್ಟರ್ರು. ಜನಕ್ಕೆ ಇದು ಗೊತ್ತಾಗೋಲ್ಲ, ಎಲ್ಲಕ್ಕೂ ಅಲೈನ್‌ಮೆಂಟ್ ಅಲೈನ್‌ಮೆಂಟ್ ಅಂತ ಓಡ್ತಾರೆ.’

ಅಷ್ಟರಲ್ಲಿ ಕಾಫಿ ಬಂತು. ಬರಬಾರದಿತ್ತು. ರಾಯರು ಗಟಗಟನೆ ಕುಡಿದು, ಖಾಲಿ ಸ್ಟೀಲ್ ಲೋಟವನ್ನು ಜಗುಲಿಯ ಮೇಲೆ ಮಲಗಿಸಿ ಬೆರಳಿಂದ ತಳ್ಳಿದರು. ಬಾಯಿ ಅಗಲ, ತಳ ಸಣ್ಣ. ಲೋಟ ನೆಟ್ಟಗೆ ಹೋಗದೆ, ತಳದ ಕಡೆಗೆ ಬಾಗುತ್ತಾ ಅರ್ಧಚಂದ್ರ ಬರೆದು ಮ್ಯಾನೇಜರ ಚಪ್ಪಲಿಗೆ ಬಂದು ತಾಗಿತು. ‘ನೋಡಿದ್ರಾ? ರೇಡಿಯಲ್ ಟೈರಿನೊಳಗೆ ಉಕ್ಕಿನ ಬೆಲ್ಟು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಕೂತಿದ್ರೆ ಸಾಕು, ಟೈರು ಈ ಲೋಟ ಆಗ್ಬಿಡ್ತದೆ. ಹೊರಗಿಂದ ನೋಡಿದ್ರೆ ಏನೂ ಕಾಣೋಲ್ಲ. ಪರೀಕ್ಷೆ ಸುಲಭ. ಮುಂದಿನ ಎರಡು ಟೈರನ್ನ ಅದಲು ಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದ್ರೆ ಟೈರಿನ ದೋಷ. ಎಡದಲ್ಲೇ ಉಳಿದ್ರೆ ಗಾಡಿ ದೋಷ.’ ಮ್ಯಾನೇಜರ ಮಗಳು, ಎರಡನೇ ಕ್ಲಾಸು, ಲೋಟ ಎತ್ತಿಕೊಂಡು ಮತ್ತೆ ಉರುಳಿಸಿದಳು. ಆ ಬೆಳಿಗ್ಗೆ ವಿದ್ಯೆ ಹತ್ತಿದ್ದು ಅವಳೊಬ್ಬಳಿಗೇ.

ಟೈರು ಬದಲಾಯಿಸಿದ್ದಾಯಿತು. ಜಾಕಿ ತಿರುಗಿಸಿದ್ದು ಮ್ಯಾನೇಜರು, ನಟ್ಟು ಎಣಿಸಿದ್ದು ರಾಯರು. ಎಳೆತ ಎಡದಲ್ಲೇ ಉಳಿಯಿತು.

ಇನ್ನು ರಸ್ತೆ. ಈ ಭಾಗ ಬಂದಾಗ ರಾಯರು ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ‘ನಮ್ಮಲ್ಲಿ ಎಡಗಡೆ ಹೋಗೋದು ನಿಯಮ. ಮಳೆನೀರು ಹರೀಲಿ ಅಂತ ರಸ್ತೆ ನಡುವೆ ಉಬ್ಬಿಸಿ ಅಂಚಿಗೆ ತಗ್ಗಿಸಿರ್ತಾರೆ. ಡಾಂಬರು ರಸ್ತೆಗೆ ನೂರಕ್ಕೆ ಎರಡು, ಎರಡೂವರೆ. ಅಂದ್ರೆ ಪ್ರತಿಯೊಂದು ಗಾಡಿಯೂ ಸ್ವಭಾವತಃ ಸ್ವಲ್ಪ ಎಡಕ್ಕೆ ಜಾರಲೇಬೇಕು. ಜಾರದಿದ್ರೆ ಅನುಮಾನ ಪಡಬೇಕು. ನಿಮ್ಮ ಗಾಡಿ ಜಾರ್ತಿದೆಯೋ, ಎಳೀತಿದೆಯೋ?’ ಇದನ್ನು ತೀರ್ಮಾನಿಸಲು ಅವರಲ್ಲೊಂದು ಪ್ರಯೋಗವಿದೆ: ಅದೇ ರಸ್ತೆಯ ಬಲಗಡೆಯಲ್ಲಿ ಓಡಿಸಿ ನೋಡುವುದು. ಅಲ್ಲಿ ಬಲಕ್ಕೆ ಹೋದರೆ ರಸ್ತೆಯ ಗುಣ. ಅಲ್ಲೂ ಎಡಕ್ಕೇ ಹೋದರೆ ಗಾಡಿಯ ಗುಣ. ಶಾಸ್ತ್ರ ಸರಿಯಾಗಿಯೇ ಇದೆ. ಎದುರಿಗೆ ಬರುವ ನಂದಿನಿ ಹಾಲಿನ ವ್ಯಾನಿನವನಿಗೆ ಶಾಸ್ತ್ರ ತಿಳಿದಿರಬೇಕು, ಅಷ್ಟೇ.

ಬೆಳಗಿನ ಜಾವ, ಬಡಾವಣೆಯ ಖಾಲಿ ರಸ್ತೆಯಲ್ಲಿ ಪ್ರಯೋಗ ನಡೆಯಿತು. ರಾಯರು ಮುಂದಿನ ಎಡ ಸೀಟಿನಲ್ಲಿ ಆಸೀನರು. ‘ಸ್ಟೇರಿಂಗ್ ಬಿಗಿ ಹಿಡೀಬೇಡಿ, ಬೆರಳು ಸೋಕಿದ್ರೆ ಸಾಕು… ಸೋಕ್ಸಿ… ಅಯ್ಯೋ ಹಿಡ್ಕೊಳ್ರೀ, ನಾಯಿ!’ ವಾಕಿಂಗ್ ಹೊರಟಿದ್ದ ಮೂವರು ಹಿರಿಯರು ಚರಂಡಿಯ ಕಲ್ಲುಚಪ್ಪಡಿ ಹತ್ತಿ ನಿಂತು, ರಾಂಗ್ ಸೈಡಿನಲ್ಲಿ ನಿಧಾನಕ್ಕೆ ತೇಲಿಬರುವ ಕಾರಿನೊಳಗೆ ಬ್ಯಾಂಕ್ ಮ್ಯಾನೇಜರು ಕುಳಿತಿರುವುದನ್ನು ಕಣ್ಣಾರೆ ಕಂಡು, ಅವತ್ತೇ ಠೇವಣಿ ವಿಚಾರ ಮರುಯೋಚನೆ ಮಾಡಿದರಂತೆ. ಗಾಡಿ ಅಲ್ಲೂ ಎಡಕ್ಕೇ ಹೋಯಿತು. ಪ್ರಯೋಗದಲ್ಲಿ ಒಂದು ಲೋಪವಿದ್ದದ್ದನ್ನು ಆಮೇಲೆ ತೋರಿಸಿಕೊಟ್ಟವರು ರಾಯರ ಮನೆಯವರು. ‘ಇವರನ್ನ ಎಡಗಡೆ ಕೂರಿಸ್ಕೊಂಡು ಹೋದ್ರೆ ಗೂಡ್ಸ್ ಗಾಡಿನೂ ಎಡಕ್ಕೇ ವಾಲೋದು. ಇಳಿಸಿ ನೋಡ್ಬೇಕಿತ್ತು.’

ಕೊನೆಗೆ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋಗಿದ್ದು ಭಾನುವಾರ. ನಾನೂ ಜೊತೆಗೆ ಹೋದೆ. ಟಿಕೆಟ್ ಇಲ್ಲದ ನಾಟಕ ಬಿಡುವುದು ಯಾಕೆ? ಅಂಗಡಿಯ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಕಾರನ್ನು ಪಟ್ಟಿಯ ಮೇಲೆ ಹತ್ತಿಸಿ, ಚಕ್ರಗಳಿಗೆ ಫಲಕ ಸಿಕ್ಕಿಸಿದ. ಪರದೆಯ ಮೇಲೆ ಅಂಕಿಗಳು ಬಂದವು, ಕೆಲವು ಹಸಿರು, ಕೆಲವು ಕೆಂಪು. ರಾಯರು ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು.

‘ಮಗೂ, ಕ್ಯಾಂಬರ್ ಎಡಕ್ಕೆ ಒಂಚೂರು ಪಾಸಿಟಿವ್ ಇದೆ. ಪಾಸಿಟಿವ್ ಜಾಸ್ತಿ ಇರೋ ಕಡೆಗೆ ಎಳೀತದೆ, ಗೊತ್ತೇನು?’

‘ಗೊತ್ತು ಸಾರ್. ಲಿಮಿಟ್ ಒಳಗಿದೆ. ಈ ಗಾಡೀಲಿ ಕ್ಯಾಂಬರ್, ಕ್ಯಾಸ್ಟರ್ ಫಿಕ್ಸು. ಮುಂದಿನ ಟೋ ಮಾತ್ರ ಅಡ್ಜಸ್ಟ್ ಮಾಡ್ಬೋದು.’

‘ಕ್ಯಾಸ್ಟರ್?’

‘ಅದೂ ಫಿಕ್ಸೇ ಸಾರ್.’

‘ಹಾಗಾದ್ರೆ ಪರದೆ ಮೇಲೆ ಯಾಕೆ ತೋರಿಸ್ತೀರಿ?’

ಹುಡುಗ ಇದಕ್ಕೆ ಉತ್ತರ ಹೇಳಲಿಲ್ಲ. ಕೂತು, ಮುಂದಿನ ಎಡ ಚಕ್ರದ ಬಳಿ ಕೈಯ ಹಿಂಬದಿ ಹಿಡಿದ. ಎದ್ದು ಬಲ ಚಕ್ರದ ಬಳಿ ಹೋಗಿ ಅದೇ ರೀತಿ ಹಿಡಿದ. ಮತ್ತೆ ಎಡಕ್ಕೆ ಬಂದ. ಮಾತಿಲ್ಲ. ರಾಯರು ಹಿಂದಿನ ಚಕ್ರಗಳ ಟೋ ಕೆಟ್ಟರೆ ಗಾಡಿ ಹೇಗೆ ಓರೆಯಾಗಿ, ಏಡಿ ನಡೆದ ಹಾಗೆ ನಡೆಯುತ್ತದೆ ಎಂದು ಮ್ಯಾನೇಜರಿಗೆ ವಿವರಿಸುತ್ತಿದ್ದರು. ಹುಡುಗ ಕಾರನ್ನು ಇಳಿಸಿ, ಜಾಕಿ ಕೊಟ್ಟು, ಎಡ ಚಕ್ರವನ್ನು ಕೈಯಲ್ಲಿ ತಿರುಗಿಸಿದ. ಅರ್ಧ ಸುತ್ತಿಗೇ ಗರಕ್ಕನೆ ನಿಂತಿತು. ಬಲ ಚಕ್ರ ಮಾತ್ರ ಸಲೀಸಾಗಿ ಸುತ್ತುತ್ತಲೇ ಇತ್ತು.

‘ಬ್ರೇಕ್ ಬಿಡ್ತಾ ಇಲ್ಲ ಸಾರ್. ಕ್ಯಾಲಿಪರ್ ಪಿನ್ ಹಿಡ್ಕೊಂಡಿದೆ.’

ಚಕ್ರ ಬಿಚ್ಚಿದಾಗ ಕಂಡಿತು. ಕ್ಯಾಲಿಪರು ಅತ್ತಿತ್ತ ಜಾರಬೇಕಾದ ಪಿನ್ನಿನ ರಬ್ಬರ್ ಹರಿದು, ಮಳೆನೀರು ಹೊಕ್ಕು, ಗ್ರೀಸು ಒಣಗಿ ತುಕ್ಕು ಹಿಡಿದಿತ್ತು. ಒಂದು ಬ್ರೇಕ್ ಪ್ಯಾಡು ದಪ್ಪ, ಇನ್ನೊಂದು ಬೆರಳುಗುರಿನಷ್ಟು ತೆಳ್ಳಗೆ. ಪೆಡಲಿನಿಂದ ಕಾಲು ತೆಗೆದ ಮೇಲೂ ಎಡಗಡೆ ಅರ್ಧಂಬರ್ಧ ಬ್ರೇಕು ಬಿದ್ದೇ ಇರುತ್ತಿತ್ತು. ಗಾಡಿ ಅಲ್ಲಿಗೇ ವಾಲುತ್ತಿತ್ತು. ಹುಡುಗ ಉಪ್ಪುಕಾಗದದಲ್ಲಿ ಪಿನ್ ಉಜ್ಜಿದ, ಗ್ರೀಸ್ ಸವರಿದ, ಹೊಸ ರಬ್ಬರು, ಹೊಸ ಪ್ಯಾಡು ಹಾಕಿದ. ರಿಂಗ್ ರಸ್ತೆಯಲ್ಲಿ ಹೋಗಿ ಬಂದೆವು. ಗಾಡಿ ಗೆರೆ ಎಳೆದ ಹಾಗೆ ಹೋಯಿತು.

ಹಿಂದಿನ ಸೀಟಿನಿಂದ ರಾಯರು ಕೇಳಿದರು: ‘ಬ್ರೇಕು ಅಂತ ನಾನು ಮೊದಲನೇ ದಿನವೇ ಹೇಳ್ಲಿಲ್ವೇನ್ರಿ?’

ಹೇಳಿದ್ದರು. ಯಾರೂ ಅಲ್ಲಗಳೆಯುವಂತಿಲ್ಲ. ಗಾಳಿ ಅಂತಲೂ ಹೇಳಿದ್ದರು, ಟೈರು ಅಂತಲೂ, ಬುಷ್ ಅಂತಲೂ, ಜಾಯಿಂಟು ಅಂತಲೂ, ಲೋಕೋಪಯೋಗಿ ಇಲಾಖೆ ಅಂತಲೂ. ಎಲ್ಲ ಕುದುರೆಗೂ ಬಾಜಿ ಕಟ್ಟಿದವರು ಸೋಲುವುದು ಹೇಗೆ? ನಮ್ಮಲ್ಲಿ ಟೀವಿ ಚರ್ಚೆಗೆ ಕೂರುವ ಚುನಾವಣಾ ಪಂಡಿತರೂ ಇದೇ ವಿದ್ಯೆಯಲ್ಲಿ ಹೊಟ್ಟೆ ಹೊರೆಯುತ್ತಾರೆ. ರಾಯರು ಕಾಫಿಗಷ್ಟೇ ತೃಪ್ತರು.

ಗಾಡಿ ರಿಪೇರಿಯಾದ ಮೇಲೆ ಅವರು ಒಂದೆರಡು ವಾರ ಮಂಕಾಗಿರುತ್ತಾರೆ. ಮ್ಯಾನೇಜರು ಎದುರಾದರೆ ‘ಹೇಗಿದೆ?’ ಎನ್ನುತ್ತಾರೆ. ‘ಚೆನ್ನಾಗಿದೆ ಸಾರ್’ ಎಂದರೆ, ‘ಓ’ ಎಂದು ನಡೆದುಬಿಡುತ್ತಾರೆ.

ಈಚೆಗೆ ಮೂಲೆಮನೆಯ ಸಾಫ್ಟ್‌ವೇರ್ ಹುಡುಗ ಹೊಸ ಎಸ್‌ಯುವಿ ತಂದ. ಲೇನ್ ಬಿಟ್ಟರೆ ತಾನೇ ಸ್ಟೇರಿಂಗ್ ತಿದ್ದುವ ಮಾದರಿ. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದೆ, ಬಿಳಿ ಗೆರೆ ನೋಡಿಕೊಳ್ಳುತ್ತದೆ. ನಮ್ಮ ಬಡಾವಣೆಯಲ್ಲಿ ಗೆರೆ ಅಳಿಸಿ ಯಾವ ಕಾಲವಾಯಿತೋ, ಹೀಗಾಗಿ ಇಲ್ಲಿ ಆ ಯಂತ್ರ ಸುಮ್ಮನಿರುತ್ತದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿದರೆ ಜೀವ ಬರುತ್ತದೆ. ಹುಡುಗ ಒಂದು ಭಾನುವಾರ ಗೇಟಿನ ಹತ್ತಿರ ನಿಂತು ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದ: ‘ಎಷ್ಟು ಸಖತ್ತಾಗಿದೆ ಗೊತ್ತೇನೋ, ತಾನಾಗೇ ಮಧ್ಯಕ್ಕೆ ಎಳೀತದೆ.’

ರಾಯರ ಗೇಟು ತೆರೆದ ಸದ್ದಾಯಿತು. ಬಂದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಜೇಬಿನ ಗೇಜು ಮುಟ್ಟಿಕೊಂಡು ಬಹಳ ಹೊತ್ತು ನಿಂತರು. ಎಡಕ್ಕೆ ಎಳೆದರೆ ಔಷಧಿಯಿದೆ, ಬಲಕ್ಕೆ ಎಳೆದರೂ ಇದೆ. ಮಧ್ಯಕ್ಕೆ ಎಳೆಯುವ ಗಾಡಿಯನ್ನು ಅವರು ಕಂಡದ್ದು ಇದೇ ಮೊದಲು. ಏನೂ ಮಾತಾಡದೆ ಮನೆಗೆ ಹೋದರು. ಸೋತರು ಅಂತಲೇ ನಾವೆಲ್ಲ ಅಂದುಕೊಂಡೆವು.

ಮೂರನೇ ದಿನ ಮತ್ತೆ ಬಂದರು. ಕೈಯಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳು, ಮುಖದಲ್ಲಿ ಕಳೆ. ‘ಆ ಕ್ಯಾಮೆರಾ ಒಂದು ಎಳ್ಳಷ್ಟು ಅತ್ತಿತ್ತ ಆದ್ರೂ ಗಾಡಿ ದಾರಿ ತಪ್ಪಿ ಯೋಚನೆ ಮಾಡ್ತದೆ ಕಣಪ್ಪ. ಅದಕ್ಕೂ ಅಲೈನ್‌ಮೆಂಟ್ ಇದೆ. ಮುಂದಿನ ಗಾಜು ಬದಲಾಯಿಸಿದ್ರೆ ಮಾಡಿಸಬೇಕು, ಕೆಲವು ಗಾಡಿಗಳಿಗೆ ವೀಲ್ ಅಲೈನ್‌ಮೆಂಟ್ ಆದ್ಮೇಲೂ ಮಾಡಿಸಬೇಕು. ಹೇಳು, ಗಾಜಿಗೇನಾದ್ರೂ ಕಲ್ಲು ಬಿದ್ದಿತ್ತಾ?’

‘ಇಲ್ಲ ಅಂಕಲ್, ಹೊಸಾ ಗಾಡಿ.’

‘ಬೀಳ್ತದೆ ಬಿಡು’ ಎಂದು ರಾಯರು ಭರವಸೆ ಕೊಟ್ಟು, ಜಗುಲಿಯ ಮೇಲೆ ಕೂತು, ಕಾಫಿ ಆಯಿತಾ ಎಂದು ವಿಚಾರಿಸಿದರು.