ಕೊರಿಯಾ ಔತಣ ಮೀಮಾಂಸೆ: ಪಾಲಹಳ್ಳಿಯ ಅತಿಥಿಗೊಂದು ಲಘುಭಾಷ್ಯ

ಬೆಂಗಳೂರಿನಲ್ಲಿ ನೆಲೆಸಿದ ಕೊರಿಯಾ ದಂಪತಿಗಳು ಪಂಜಾಬಿ, ಮಲಯಾಳಿ, ಜರ್ಮನ್ ನೆರೆಹೊರೆಯವರನ್ನೆಲ್ಲ ಒಂದೇ ಪಂಕ್ತಿಗೆ ಕರೆದ ಔತಣದಲ್ಲಿ, ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಹುಟ್ಟಿ ಮುದ್ದೆ-ಬಸ್ಸಾರಿನಿಂದ ಬೆಳೆದ ಗೃಹಸ್ಥನು ಹೇಗೆ ನಡೆದುಕೊಳ್ಳತಕ್ಕುದೆಂಬುದನ್ನು ನಮ್ಮ ಧರ್ಮಶಾಸ್ತ್ರಕಾರರು ವಿಚಾರಿಸದೆ ಬಿಟ್ಟಿರುವುದು, ಅವರನ್ನು ಅಲ್ಲಿಗೆ ಯಾರೂ ಕರೆಯದಿದ್ದ ಕಾರಣದಿಂದಲೇ ಹೊರತು ವಿಷಯದ ಅಲ್ಪತ್ವದಿಂದಲ್ಲ. ಆ ನ್ಯೂನತೆಯನ್ನು ನೀಗುವುದೇ ಈ ಪ್ರಬಂಧದ ಪ್ರಯೋಜನವು.

ಮೊದಲು ಅಧಿಕಾರಿನಿರ್ಣಯ. ಗ್ರಾಮಸ್ಥನಿಗೆ ವಿದೇಶೀಯ ಪಂಕ್ತಿಯಲ್ಲಿ ಅಧಿಕಾರವೆಲ್ಲಿಯದೆಂಬುದು ಪೂರ್ವಪಕ್ಷ. ಇದು ನಿಲ್ಲದು. 1847ರಲ್ಲಿ ಪಾಲಹಳ್ಳಿಯಲ್ಲಿ ಸ್ಥಾಪಿತವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರ ಬೆಲ್ಲವನ್ನು ಶುದ್ಧಿಗೊಳಿಸಿ, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಹುಮಾನ ಪಡೆದುದರಿಂದ, ಪರದೇಶದವರ ಬಾಯಿ ಸಿಹಿಮಾಡಿದ ಪೂರ್ವಪುಣ್ಯ ಈ ಊರಿಗುಂಟು. ಪಕ್ಕದ ರಂಗನತಿಟ್ಟನ್ನು, ಸಲೀಂ ಅಲಿಯವರ ಸಲಹೆಯಂತೆ, 1940ರಲ್ಲಿ ಪಕ್ಷಿಧಾಮವೆಂದು ಸಾರುವುದಕ್ಕೆ ಬಹು ಮೊದಲಿನಿಂದಲೂ ದೂರದೇಶದ ಅತಿಥಿಗಳು ಆಮಂತ್ರಣವಿಲ್ಲದೆಯೇ ಬಂದು, ಯಾರನ್ನೂ ಕೇಳದೆ ಮೀನುಂಡು ಹೋಗುತ್ತಿರುವುದನ್ನು ಕಂಡವರಿಗೆ ಆತಿಥ್ಯಶಾಸ್ತ್ರವನ್ನು ಹೊಸದಾಗಿ ಬೋಧಿಸಬೇಕೇ? ಇನ್ನು ಕೊರಿಯಾದ ಯುದ್ಧ ನಿಂತ 1953ರಲ್ಲಿ, ತಾಯ್ನಾಡಿಗೆ ಮರಳಲೊಲ್ಲದ ಕೈದಿಗಳ ವ್ಯಾಜ್ಯವನ್ನು ವಿಚಾರಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆಯನ್ನು ಕೊಡಗಿನ ಜನರಲ್ ತಿಮ್ಮಯ್ಯನವರೇ ವಹಿಸಿದ್ದರು. ನಮ್ಮವನು ವಹಿಸಬೇಕಾದುದು ಒಂದು ಚಮಚವನ್ನು ಮಾತ್ರ.

ಕೊರಿಯಾದೊಡನೆ ನಮ್ಮ ಸಂಬಂಧವು ಇನ್ನೂ ಪ್ರಾಚೀನವೆಂಬ ಪಕ್ಷವೂ ಉಂಟು. 13ನೆಯ ಶತಮಾನದ ‘ಸಮ್ಗುಕ್ ಯೂಸಾ’ ಹೇಳುವ ಐತಿಹ್ಯದಂತೆ, ‘ಅಯುತ’ ದೇಶದ ರಾಜಕುಮಾರಿಯೊಬ್ಬಳು ಹಡಗೇರಿ ಹೋಗಿ ಕೊರಿಯಾದ ಸೂರೊ ರಾಜನನ್ನು ವರಿಸಿದಳು. ಅದು ಅಯೋಧ್ಯೆಯೆಂಬವರು ಹಲವರು. ಪಾಲಹಳ್ಳಿಯೆಂದು ಸಾಧಿಸುವುದಕ್ಕೆ, ಆಕೆಯ ಹಡಗು ಶಿವನಸಮುದ್ರದ ಜಲಪಾತವನ್ನು ಇಳಿಯಬೇಕಾಗುತ್ತದೆಂಬ ಒಂದೇ ಒಂದು ಆಕ್ಷೇಪ ಅಡ್ಡ ನಿಂತಿದೆ.

ಆಚಾರಕಾಂಡದಲ್ಲಿ ಸಂಶಯಗಳು ಕಡಮೆ. ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡತಕ್ಕುದು. ಹಿರಿಯರು ಚಮಚವೆತ್ತುವ ತನಕ ಕಿರಿಯರು ಕಾಯತಕ್ಕುದು. ಅನ್ನದಲ್ಲಿ ಚಮಚವನ್ನು ನೆಟ್ಟಗೆ ನಾಟಕೂಡದು, ಏಕೆಂದರೆ ಹಾಗೆ ಇಡುವುದು ಪಿತೃಗಳಿಗೆ. ಪಿತೃಪಕ್ಷದ ಎಡೆಯ ಮರ್ಮ ಬಲ್ಲವನಿಗೆ ಇದನ್ನು ಎರಡನೆಯ ಸಲ ಹೇಳಬೇಕಿಲ್ಲ. ಹಿರಿಯರು ಪಾನೀಯವೆರೆದರೆ ಎರಡೂ ಕೈಯಿಂದ ಸ್ವೀಕರಿಸಿ, ಅವರೆದುರು ಕುಡಿವಾಗ ಮುಖವನ್ನು ಪಕ್ಕಕ್ಕೆ ತಿರುಗಿಸುವುದು ಅಲ್ಲಿನ ಮರ್ಯಾದೆ. ಅಪ್ಪನ ಕಣ್ಣಿಗೆ ಬೀಡಿ ಬೀಳಬಾರದೆಂದು ಇಡೀ ದೇಹವನ್ನೇ ಕಬ್ಬಿನ ಗದ್ದೆಯ ಆಚೆಗೆ ಒಯ್ಯುವ ನಮ್ಮ ತರುಣರ ಶ್ರದ್ಧೆಯ ಮುಂದೆ ಇದು ತೀರ ಸುಲಭಸಾಧ್ಯವಾದ ವ್ರತ. ಉಣ್ಣುವ ಉಕ್ಕಿನ ಕಡ್ಡಿಗಳ ವಿಷಯದಲ್ಲಿ ಶಾಸ್ತ್ರವು ಮೌನವಾಗಿದೆ. ಚಮಚವೂ ಪಕ್ಕದಲ್ಲೇ ಇರುವುದರಿಂದ ಅತಿಥಿಯೂ ಮೌನವಾಗಿರಬಹುದು.

ಎಲೆಕೋಸಿಗೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ಸೇರಿಸಿ ಹುಳಿಬರಿಸಿದ ಕಿಮ್ಚಿ ಬಂದೊಡನೆ ಖಾರದ ತಾರತಮ್ಯವಾದ ತಲೆಯೆತ್ತುವುದು ಅನಿವಾರ್ಯ. ಕುಟುಂಬಗಳು ನೆರೆಹೊರೆಯೊಡನೆ ಕೂಡಿ ಚಳಿಗಾಲಕ್ಕೆಂದು ಇದನ್ನು ತಯಾರಿಸುವ ಕಿಮ್ಜಾಂಗ್ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆಯೆಂದು ಯಜಮಾನರು ಹೇಳಿದರೆ, ನಮ್ಮವನು ಮನೆಯ ಉಪ್ಪಿನಕಾಯಿ ಜಾಡಿಯನ್ನು ಸ್ಮರಿಸಿ ಕೆರಳಕೂಡದು. ಮೆಣಸಿನಕಾಯಿ ಉಭಯದೇಶಗಳಿಗೂ ಅಮೆರಿಕಾ ಖಂಡದಿಂದ ಬಂದ ಅತಿಥಿಯೇ ಆಗಿರಲಾಗಿ, ಈ ವಾದದಲ್ಲಿ ಇಬ್ಬರೂ ಸಾಲದ ಒಡವೆಯನ್ನೇ ಮೆರೆಸುತ್ತಿರುವರು.

ಈಗ ಶಾಸ್ತ್ರದ ಹೃದಯ. ಬಟ್ಟಲಲ್ಲಿ ಉಳಿಸಿದರೆ ಮನೆಯವರಿಗೆ ನೋವು. ಮುಗಿಸಿದರೆ ನೆಂಜಿಕೆಯ ಬಟ್ಟಲು ಮತ್ತೆ ತುಂಬುವುದು, ಬರಿದಾದ ಲೋಟವನ್ನು ಪಕ್ಕದವರೇ ತುಂಬುವರು. ‘ನಾಚ್ಕೋಬ್ಯಾಡಿ, ಇನ್ನರ್ಧ ಮುದ್ದೆ ಹಾಕುಸ್ಕೊಳಿ’ ಎಂಬ ಮಂಡ್ಯ ಸೀಮೆಯ ಬಲಾತ್ಕಾರವೇ ಇಲ್ಲಿ ನಸುನಗೆಯ ವೇಷದಲ್ಲಿ ಬಂದಿದೆ. ಈ ಉಭಯಸಂಕಟವನ್ನೇ ತಾರ್ಕಿಕರು ಎರಡೂ ತುದಿಗೆ ಕುಣಿಕೆಯುಳ್ಳ ಹಗ್ಗವೆನ್ನುವರು. ‘ಸಾಕು’ ಎಂಬ ಶಬ್ದಪ್ರಮಾಣವು ಯಾವ ದೇಶದ ಗೃಹಿಣಿಗೂ ಪ್ರಮಾಣವಲ್ಲ.

ಸಿದ್ಧಾಂತವಿದು: ಬಟ್ಟಲು ಮುಕ್ಕಾಲು ಬರಿದಾದಾಗ ಕೈಯನ್ನು ನಿಲ್ಲಿಸಿ, ‘ಇದನ್ನು ಮಾಡುವುದು ಹೇಗೆ?’ ಎಂದು ಕೇಳತಕ್ಕುದು. ಪಾಕಕ್ರಮವನ್ನು ವಿವರಿಸುವ ಕೈ ಬಡಿಸಲಾರದು. ಮಲಯಾಳಿ ತೆಂಗಿನಕಾಯಿಯನ್ನೂ ಪಂಜಾಬಿ ತುಪ್ಪವನ್ನೂ ಸೂಚಿಸುವರು. ಜರ್ಮನನು ತನ್ನ ನಾಡಿನ ಹುಳಿಕೋಸನ್ನು ಎತ್ತುವನು. ಅಷ್ಟರೊಳಗೆ, ಬರುವಾಗ ಪರಸ್ಪರ ಅಪರಿಚಿತರಾಗಿದ್ದವರು ಜಗಳವಾಡುವಷ್ಟು ಆಪ್ತರಾಗಿರುವರು. ಔತಣದ ಪರಮ ಪ್ರಯೋಜನವೂ ಅದೇ.

ಫಲಶ್ರುತಿ: ಇದನ್ನು ಓದಿ ಹೋದವನು ಹಿತಮಿತವಾಗಿ ಉಂಡು ಬರುವನು. ಓದದೆ ಹೋದವನು ಹೊಟ್ಟೆಬಿರಿಯ ಉಂಡು, ಮುಂದಿನ ಭಾನುವಾರ ಅವರೆಲ್ಲರನ್ನೂ ಪಾಲಹಳ್ಳಿಗೆ ಕರೆದು, ಅಗಿಯದೆ ಮುದ್ದೆ ನುಂಗುವ ವಿದ್ಯೆಯನ್ನು ಕಲಿಸಿ ಋಣಮುಕ್ತನಾಗುವನು.