ಬೈಟು ಕಾಫಿಯ ಪ್ರೊಡ್ಯೂಸರ್ರು

ಗಾಂಧಿನಗರದ ಆಸುಪಾಸಿನ ಯಾವ ದರ್ಶಿನಿಗೆ ಹೋದರೂ ಇವರು ಸಿಗುತ್ತಾರೆ. ಎತ್ತರದ ಟೇಬಲ್ಲಿಗೆ ಮೊಣಕೈ ಊರಿ, ಬೈಟು ಕಾಫಿಯಲ್ಲಿ ತಮ್ಮ ಪಾಲನ್ನು ಆರಲು ಬಿಟ್ಟು, ನಿಂತಲ್ಲೇ ಕೋಟಿಗಟ್ಟಲೆ ಬಜೆಟ್ಟಿನ ಚಿತ್ರಕ್ಕೆ ಕಲಾವಿದರನ್ನು ಗೊತ್ತುಮಾಡುವ ಮಹಾನುಭಾವರು. ಚಿತ್ರರಂಗಕ್ಕೆ ಇವರು ಈವರೆಗೆ ಹಾಕಿರುವ ಬಂಡವಾಳವೆಂದರೆ ಟಿಕೆಟ್ಟಿನ ದುಡ್ಡು. ಆದರೂ ಗೆಳೆಯರ ಬಾಯಲ್ಲಿ ಇವರು ‘ಪ್ರೊಡ್ಯೂಸರ್ರು’.

ಪ್ರೊಡ್ಯೂಸರ್ರ ಕನಸಿನ ಕೂಸು ಸಿ.ಐ.ಡಿ. 999ರ ಐದನೇ ಭಾಗ. ಪೀಠಿಕೆ ಕೇಳದೆ ಯಾರೂ ಜಾಗ ಬಿಡುವಂತಿಲ್ಲ. “1968ರಲ್ಲಿ ದೊರೆ–ಭಗವಾನ್ ‘ಜೇಡರ ಬಲೆ’ ತೆಗೆದ್ರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’. ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌’. ಆಮೇಲೆ ಒಂಬತ್ತು ವರ್ಷ ಕಾಯಿಸಿ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಅಲ್ಲಿಂದೀಚೆಗೆ ದೇಶದ ಶತ್ರುಗಳು ನೆಮ್ಮದಿಯಾಗಿದ್ದಾರೆ ಕಣ್ರೀ!”

ಉಸಿರು ತೆಗೆದುಕೊಂಡು ನಾಯಕಿಯರಿಗೆ ಬರುತ್ತಾರೆ. “ಮೊದಲನೇದರಲ್ಲಿ ಜಯಂತಿ, ಎರಡನೇದರಲ್ಲಿ ಲಕ್ಷ್ಮಿ, ಮೂರನೇದರಲ್ಲಿ ರೇಖಾ. ಹೌದು ಸ್ವಾಮಿ, ಆ ರೇಖಾನೇ! ಬೊಂಬಾಯಿಯವರು ಕಣ್ಣುಬಿಡೋದ್ರೊಳಗೆ ನಾವು ಅವರನ್ನ ಹೀರೋಯಿನ್ ಮಾಡಿದ್ವಿ.” ‘ನಾವು’ ಎನ್ನುವಾಗ ಕಾಲರ್ ಸರಿಮಾಡಿಕೊಳ್ಳುವ ಪ್ರೊಡ್ಯೂಸರ್ರು ಹುಟ್ಟಿದ್ದು ನಾಲ್ಕನೇ ಭಾಗವೂ ಬಂದು ಹೋದ ಮೇಲೆ. “ಅದೇ 1969ರಲ್ಲಿ ಜೇಮ್ಸ್ ಬಾಂಡಿನವರು ಶಾನ್ ಕಾನರಿ ಜಾಗಕ್ಕೆ ಜಾರ್ಜ್ ಲೇಜನ್‌ಬಿನ ತಂದ್ರು. ಏನಾಯ್ತು? 1971ಕ್ಕೆ ಮತ್ತೆ ಕಾನರಿನೇ ಗತಿ ಆದ್ರು. ನಾವು ಹೀರೋಯಿನ್ ಬದಲಾಯಿಸಿದ್ವೇ ಹೊರತು ಹೀರೋನ ಮುಟ್ಟಲಿಲ್ಲ.”

“ಸರಿ ಗುರುಗಳೇ, ಈಗ ಅಣ್ಣಾವ್ರ ಜಾಗಕ್ಕೆ ಯಾರು?” ಎಂದು ಯಾರಾದರೂ ಕೇಳಿದರೆ ಮುಗಿಯಿತು, ಟೇಬಲ್ ಹೋಳಾಗುತ್ತದೆ. ಮನೆತನದ ಪಾತ್ರ ಮನೆಯಲ್ಲೇ ಉಳಿಯಲಿ, ಮೊಮ್ಮಕ್ಕಳಲ್ಲಿ ಒಬ್ಬರು ಮಾಡಲಿ ಎಂದು ಒಬ್ಬನ ಪಟ್ಟು. ಎತ್ತರ ಬೇಕು, ಸುದೀಪ್ ಸರಿ ಎಂದು ಇನ್ನೊಬ್ಬ. ಯಶ್ ಗಡ್ಡ ನೋಡಿದರೆ ಸಾಕು, ಶತ್ರು ಶರಣಾಗುತ್ತಾನೆ ಎಂದು ಮತ್ತೊಬ್ಬ. ಪ್ರೊಡ್ಯೂಸರ್ರು ನಗುತ್ತಾರೆ: “ಗಡ್ಡ ಮೊದಲೇ ಇದ್ರೆ ವೇಷ ಮರೆಸಿಕೊಳ್ಳೋದು ಹೇಗಪ್ಪಾ? ಶೇವಿಂಗ್ ಮಾಡ್ಕೊಂಡಾ?”

ಆದರೆ ಗೂಢಚಾರ ಗುಟ್ಟಾಗಿರಬೇಕು ಎಂಬ ಇವರ ನಿಯಮ ಕಥೆಯೊಳಗಷ್ಟೇ. ಥಿಯೇಟರ್ ಮುಂದೆ ಅವನ ಕಟೌಟ್ ಮೂರಂತಸ್ತು ಏಳಬೇಕು, ಹಾಲಿನ ಅಭಿಷೇಕ ಆಗಬೇಕು, ತಮಟೆ ಬಡಿಯಬೇಕು. ಎಂಟ್ರಿ ಆದಾಗ ಶಿಳ್ಳೆಯ ಗದ್ದಲದಲ್ಲಿ ಅವನು ಮೆಲ್ಲಗೆ ಹೇಳುವ ರಹಸ್ಯ ಸಂಕೇತ ಮೊದಲ ವಾರ ಯಾರಿಗೂ ಕೇಳಿಸಬಾರದು. ಅಷ್ಟರಮಟ್ಟಿಗೆ ಗುಟ್ಟು ಉಳಿದಂತಾಯಿತು.

ಪ್ಯಾನ್ ಇಂಡಿಯಾ ಎಂಬ ಮಾತು ಬಂದಮೇಲಂತೂ ಪಾತ್ರ ಹಂಚಿಕೆ ಥೇಟ್ ಸಂಪುಟ ವಿಸ್ತರಣೆ. ಮಲಯಾಳಂ ಕೋಟಾದಲ್ಲಿ ಒಬ್ಬ ವಿಜ್ಞಾನಿ, ತೆಲುಗಿನಿಂದ ಒಬ್ಬ ಸ್ನೇಹಿತ, ತಮಿಳಿನಿಂದ ಒಬ್ಬ ಡಬಲ್ ಏಜೆಂಟ್, ಹಿಂದಿಯಿಂದ ಖಳನಾಯಕ. ಜಾಗ ಸಿಗದ ಅತೃಪ್ತರಿಗೆ ಕ್ಯಾಮಿಯೊ. ನರಸಿಂಹರಾಜು ಅವರ ಜಾಗ ಮಾತ್ರ ಯಾರಿಗೂ ಇಲ್ಲ. ಆ ಮಾತಿಗೆ ಇಡೀ ಟೇಬಲ್ ಅವಿರೋಧವಾಗಿ ಒಪ್ಪುತ್ತದೆ.

ಇಷ್ಟಾದರೂ ಒಂದು ಖಾತೆ ಖಾಲಿ ಉಳಿದಿರುತ್ತದೆ: ಇಲಾಖೆಯ ಮುಖ್ಯಸ್ಥ. ಒಂದೇ ರೂಮು, ಒಂದೇ ಕುರ್ಚಿ, ಒಂದು ಕೆಂಪು ಫೋನು. “ದೇಶ ಅಪಾಯದಲ್ಲಿದೆ” ಎಂದು ಹೇಳಿ ಬೇರೆಯವರನ್ನು ಸಾಯಲು ಕಳಿಸುವ ಪಾತ್ರ. ಅನಂತ್ ನಾಗ್ ಎಂದರೆ “ಅವರನ್ನ ಎಲ್ಲರೂ ಹಾಕ್ಕೋತಾರೆ” ಎನ್ನುತ್ತಾರೆ. ಪ್ರಕಾಶ್ ರೈ ಎಂದರೆ “ಡೇಟ್ ಸಿಗಲ್ಲ”. ಬೇರೆ ಯಾವ ಹೆಸರು ಹೇಳಿದರೂ ತಲೆ ಅಡ್ಡಕ್ಕೆ ಆಡುತ್ತದೆ.

“ಮತ್ತಿನ್ಯಾರು ಪ್ರೊಡ್ಯೂಸರ್ರೇ?”

ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಕ್ಯಾಶ್ ಕೌಂಟರಿನ ಹಿಂದಿನ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಮೀಸೆಯ ತುದಿ ತೀಡುತ್ತಾ ಪ್ರೊಡ್ಯೂಸರ್ರು ಹೇಳುತ್ತಾರೆ: “ಅದಕ್ಕೆ ಒಂದು ಹೊಸ ಮುಖ ಹಾಕಬೇಕು ಕಣ್ರೀ.”